ನಲವತ್ತೊಂದು ಅಂಕಿಗಳು

ಮೈಸೂರು
3 ಮಾರ್ಚ್ 2025

ವರ್ಷಿಣಮ್ಮನವರಿಗೆ ಮರಿಸ್ವಾಮಿ ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ನೀವು ಕೇಳಿದ ಮೂರನೇ ಸ್ಯಾಂಪಲ್ ಈ ಕಾಗದದ ಜೊತೆಗಿದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಅನ್ನಬೇಡಿ. ಮೂವತ್ತೊಂದು ವರ್ಷ ಈ ಲ್ಯಾಬಿನ ಪಂಪುಗಳ ಪಕ್ಕದಲ್ಲಿ ನಿಂತು ನನ್ನ ಕಿವಿ ಮಂದವಾಗಿದೆ. ಮೊಬೈಲಿನಲ್ಲಿ ಬರೆಯೋಣವೆಂದರೆ ಒಂದಕ್ಷರ ಒತ್ತಿದರೆ ಮೂರಕ್ಷರ ಬೀಳುತ್ತದೆ. ಅದೂ ಅಲ್ಲದೆ, ಹರಳು ಹೋದ ಕಡೆ ಅದರ ಚರಿತ್ರೆಯೂ ಹೋಗಬೇಕೆಂಬುದು ನನ್ನ ಪದ್ಧತಿ. ಚೀಟಿ ಅಂಟಿಸಿದ್ದೇನೆ: ಬೆಳೆದದ್ದು ಇಪ್ಪತ್ತೊಂದು ದಿನ, ಗಾಳಿ ಎಳೆಯುವ ಪಂಪಿಗೆ ಹಾಕಿ ಒಣಗಿಸಿದ್ದು ಹನ್ನೆರಡು ಗಂಟೆ. ಪಕ್ಕದ ಕಟ್ಟಡಕ್ಕೆ ಲಿಫ್ಟ್ ಹಾಕಲು ನೆಲ ಕೊರೆಯುತ್ತಿದ್ದಾರೆ, ಗೋಡೆಯೆಲ್ಲ ನಡುಗುತ್ತದೆ. ಹರಳಿಗೇನೂ ಆಗಿಲ್ಲ, ಗಾಬರಿಯಾಗಬೇಡಿ.

ಮೊನ್ನೆ ನಮ್ಮ ಮನೆಯಾಕೆ ಚಾಮುಂಡೇಶ್ವರಿ ಕೇಳಿದಳು, "ಆ ಹುಡ್ಗಿ ಅಷ್ಟ್ ದೂರ ಹೋಗಿ ಏನ್ ಮಾಡ್ತವ್ಳೆ ಕಣ್ರೀ? ಐಸ್ ಮಾಡಾಕೆ ಇಲ್ ಫ್ರಿಜ್ ಇರ್ನಿಲ್ವಾ?"

ನಿಮ್ಮ ಗೈಡ್ ಸುಂದರೇಶ ಸರ್ ಅವರ ಪಾಠದ ಹಾಗೆ ಹೇಳಿದ್ದರೆ ಅವಳು ಎದ್ದು ಹೋಗುತ್ತಿದ್ದಳು. ನಾನು ನನ್ನ ಹಾಗೆ ಹೇಳಿದೆ. ಒಂದೂರಲ್ಲಿ ಮೂವರು ವಾರಗಿತ್ತಿಯರಿದ್ದರು. ಒಬ್ಬಳು ಮುಖ ಮಾಡಿದ ಕಡೆ ಇನ್ನೊಬ್ಬಳು ಮುಖ ಮಾಡುವವಳಲ್ಲ. ಒಳಕಲ್ಲಿನ ಸುತ್ತ ಮೂರು ಮೂಲೆಗೆ ಕೂತರು. ಮೊದಲಿನವಳು ಮೂಡಲಿಗೆ ತಿರುಗಿದಳು, ಎರಡನೆಯವಳು ಪಡುವಲಿಗೆ. ಇರುವುದು ಎರಡೇ ದಿಕ್ಕು ಅಂದುಕೋ, ಮೂರನೆಯವಳು ಎಲ್ಲಿಗೆ ತಿರುಗಬೇಕು? ಯಾವ ಕಡೆ ತಿರುಗಿದರೂ ಒಬ್ಬಳಿಗೆ ಜೊತೆಯಾದಳು. ಜಗಳ ಮುಗಿಯುವುದೇ ಇಲ್ಲ. ನಮ್ಮ ಹರಳಿನಲ್ಲಿ ಇರುವುದು ಗೆಡೋಲಿನಿಯಂ ಎಂಬ ಲೋಹದ ಅಂಥ ಏಳೇಳು ಪರಮಾಣುಗಳ ಗುಂಪುಗಳು. ನಡುವೆ ಒಂದು, ಸುತ್ತ ಆರು. ಎತ್ತ ನೋಡಿದರೂ ತ್ರಿಕೋನ.

ಅಯಸ್ಕಾಂತ ಎಂದರೆ ಅತ್ತೆ. ಅತ್ತೆ ಒಳಗೆ ಕಾಲಿಟ್ಟರೆ ಎಲ್ಲರ ಮುಖವೂ ಅತ್ತೆಯ ಕಡೆಗೆ. ಅಲ್ಲಿಯವರೆಗಿನ ಚಡಪಡಿಕೆಯೆಲ್ಲ ಬಿಸಿಯಾಗಿ ಹೊರಬೀಳುತ್ತದೆ. ಆ ಬಿಸಿಯನ್ನು ಆಚೆ ಸಾಗಿಸಿ ಬಾಗಿಲು ಹಾಕಿಬಿಡಬೇಕು. ಆಮೇಲೆ ಮೆಲ್ಲಗೆ ಅತ್ತೆಯನ್ನು ಕಳಿಸಬೇಕು. ವಾರಗಿತ್ತಿಯರು ಮತ್ತೆ ಕಿತ್ತಾಟಕ್ಕೆ ನಿಲ್ಲುತ್ತಾರೆ. ಕಿತ್ತಾಡಲು ಶಕ್ತಿ ಬೇಕಲ್ಲ, ಮನೆಯೊಳಗೆ ಉಳಿದ ಬಿಸಿಯನ್ನೆಲ್ಲ ಅವರೇ ನುಂಗುತ್ತಾರೆ. ಮನೆ ತಣ್ಣಗಾಗುತ್ತದೆ. ಎಷ್ಟು ತಣ್ಣಗಾಯಿತೆಂದು ವರ್ಷಿಣಮ್ಮ ಅಳೆಯುತ್ತಿದ್ದಾರೆ, ಅಂದೆ.

"ಅತ್ತೆ ಹೋದ್ಮೇಲೆ ಮನೆ ತಣ್ಣಗಾಯ್ತದೆ ಅನ್ನೋದ್ನ ಅಳ್ಯಾಕೆ ರೈಲ್ ಅತ್ಕೊಂಡ್ ಓಗ್ಬೇಕಿತ್ತಾ? ನನ್ ಕೇಳಿದ್ರೆ ನಾನೇ ಏಳ್ತಿದ್ದೆ ಬುಡಿ," ಅಂದಳು.

ಸರ್ ದಿನಾ ಕೇಳುತ್ತಿದ್ದಾರೆ, ಯಾವಾಗ ಗ್ರಾಫ್ ಬರುತ್ತದೆ ಅಂತ.

ಇಂತಿ,
ಮರಿಸ್ವಾಮಿ


ಅತಿಶೀತ ಪ್ರಯೋಗಾಲಯದ ಅತಿಥಿಗೃಹ
16 ಮಾರ್ಚ್ 2025

ಮರಿಸ್ವಾಮಣ್ಣನಿಗೆ ವರ್ಷಿಣಿಯ ನಮಸ್ಕಾರ.

ನಿಮ್ಮ ವಾರಗಿತ್ತಿಯರ ಕಥೆಯನ್ನು ಇಲ್ಲಿ ತಣಿಸುವ ಯಂತ್ರ ನೋಡಿಕೊಳ್ಳುವ ಮಹೇಂದ್ರ ಅವರಿಗೆ ಓದಿ ಹೇಳಿದೆ. ಅವರು ನಂಜನಗೂಡಿನವರು, ಎರಡು ದಿನದ ರೈಲುದಾರಿ ದೂರದ ಈ ಊರಿನಲ್ಲಿ ನನಗೆ ಸಿಕ್ಕಿರುವ ಒಬ್ಬರೇ ಕನ್ನಡದವರು. ನಕ್ಕೂ ನಕ್ಕೂ ಅವರಿಗೆ ಕೆಮ್ಮು ಬಂತು.

ನನಗೆ ನಗು ಬರುತ್ತಿಲ್ಲ. ಹೆದರಿಕೆಯಾಗಿದೆ.

ಮೊದಲೆರಡು ಸ್ಯಾಂಪಲ್‌ಗಳು ಯಂತ್ರ ಪಳಗಿಸುವುದರಲ್ಲೇ ಖರ್ಚಾದವು, ನಿಮಗೆ ಗೊತ್ತು. ಮೂರನೆಯದನ್ನು ಹೋದ ವಾರ ಹಾಕಿದೆ. ನೀವು ಕಳಿಸಿದ ಹರಳು ಕಲ್ಲುಸಕ್ಕರೆಯ ಹಾಗೆ ಹೊಳೆಯುತ್ತಿತ್ತು. ಸೊನ್ನೆಯ ಕೆಳಗೆ ಇನ್ನೂರ ಎಪ್ಪತ್ತೆರಡು ಡಿಗ್ರಿಗೂ ಕೆಳಗೆ ಇಳಿಸಿ, ಅಯಸ್ಕಾಂತವನ್ನು ಸ್ವಲ್ಪ ಸ್ವಲ್ಪವೇ ತಗ್ಗಿಸುತ್ತ ಬಂದೆ. ನಾವು ಅಂದುಕೊಂಡಂತೆ ಹರಳು ತಣಿಯುತ್ತ ಹೋಯಿತು, ಯಾರೂ ನಿರೀಕ್ಷಿಸದಷ್ಟು ಚೆನ್ನಾಗಿ. ಅರ್ಧ ದಾರಿಯಲ್ಲಿ ಉಷ್ಣಾಂಶ ತಟಕ್ಕನೆ ನಿಂತಿತು. ಆಮೇಲೆ ಏರಿತು. ಅಯಸ್ಕಾಂತ ಇನ್ನೂ ಇಳಿಯುತ್ತಲೇ ಇದೆ, ಹರಳು ಮಾತ್ರ ಬಿಸಿಯಾಗುತ್ತಿದೆ! ಸ್ವಲ್ಪ ಹೊತ್ತು ಹಾಗೇ ಏರಿ, ಮತ್ತೆ ಇಳಿಯಿತು. ಪರದೆಯ ಮೇಲೆ ಒಂದು ಗೂನು. ಅದನ್ನು ನೋಡಿದ ಕೂಡಲೇ ಮಹೇಂದ್ರ ಅವರನ್ನು ಕೂಗಿ ಕರೆದೆ.

ಮಹೇಂದ್ರ ಅಂದರು, "ಬುಡಿ ಮೇಡಂ, ಯಾರೋ ಬಾಗ್ಲು ಬಡ್ದಿರ್ತಾರೆ. ಒಂಚೂರು ಅಲ್ಲಾಡಿದ್ರೂ ಬಿಸಿ ಸೋರ್ತದೆ."

ಹೋದ ವರ್ಷ ಇಲ್ಲೊಬ್ಬಳು ಇಂಥದೇ ವಿಚಿತ್ರ ಗೆರೆಯನ್ನು ದೊಡ್ಡ ಶೋಧವೆಂದು ಸಭೆಯಲ್ಲಿ ತೋರಿಸಿದಳಂತೆ. ಬಿಸಿ ಸೋರಿದ್ದಷ್ಟೇ ಎಂದು ಆಮೇಲೆ ಗೊತ್ತಾಯಿತು. ಇಂದಿಗೂ ಕ್ಯಾಂಟೀನಿನಲ್ಲಿ ಅವಳ ಹೆಸರು ಹೇಳಿ ನಗುತ್ತಾರೆ. ಪಿಎಚ್‌ಡಿಯಲ್ಲಿ ನನಗಿದು ಆರನೇ ವರ್ಷ. ಮೇ ಕೊನೆಯವರೆಗೆ ಮಾತ್ರ ಈ ಯಂತ್ರ ನನ್ನದು. ಅಮ್ಮ ದೇವರಾಜ ಮೊಹಲ್ಲಾದ ನಮ್ಮ ಬಟ್ಟೆ ಅಂಗಡಿಗೆ ಬಂದವರಿಗೆಲ್ಲ "ಮಗಳು ಡಾಕ್ಟರ್ ಆಗ್ತಾಳೆ" ಎಂದು ಹೇಳಿಟ್ಟಿದ್ದಾಳೆ, ಯಾರೋ ಆಗಲೇ ಮಂಡಿನೋವಿಗೆ ಮಾತ್ರೆ ಕೇಳಿದ್ದಾರೆ.

ಅಣ್ಣ, ಒಂದೇ ಪ್ರಶ್ನೆ. ಈ ಮೂರನೇ ಸ್ಯಾಂಪಲ್ ಮಾಡುವಾಗ ಏನಾದರೂ ಬೇರೆ ಥರ ಆಗಿತ್ತೇ? ಬೆಳೆಸುವುದರಲ್ಲಿ, ಒಣಗಿಸುವುದರಲ್ಲಿ, ಏನಾದರೂ? ದಯವಿಟ್ಟು ನಿಜ ಹೇಳಿ. ಗೂನಿನ ವಿಷಯ ಸರ್‌ಗೆ ಇನ್ನೂ ಹೇಳಿಲ್ಲ. ನಿಮ್ಮ ಮೊಬೈಲನ್ನು ಲ್ಯಾಬಿನಲ್ಲಿ ಎಲ್ಲರೂ ಎತ್ತಿ ನೋಡುತ್ತಾರೆ, ಆದ್ದರಿಂದ ಇದು ಕಾಗದದಲ್ಲೇ ಇರಲಿ.

ನಿಮ್ಮ,
ವರ್ಷಿಣಿ


ಮೈಸೂರು
24 ಮಾರ್ಚ್ 2025

ವರ್ಷಿಣಮ್ಮನವರಿಗೆ ಮರಿಸ್ವಾಮಿಯ ನಮಸ್ಕಾರಗಳು.

ಕಾಗದ ತಲುಪಿತು. ಏನೂ ಬೇರೆ ಥರ ಆಗಿಲ್ಲ. ಯಾವಾಗಲೂ ಮಾಡುವ ಹಾಗೆಯೇ ಬೆಳೆಸಿದ್ದು, ಯಾವಾಗಲೂ ಮಾಡುವ ಹಾಗೆಯೇ ಸೋಸಿದ್ದು, ಪಂಪಿಗೆ ಹಾಕಿದ್ದು, ಹನ್ನೆರಡು ಗಂಟೆ ಒಣಗಿಸಿದ್ದು. ಚೀಟಿಯಲ್ಲಿ ಬರೆದೇ ಇದ್ದೇನಲ್ಲ. ಹರಳು ಬೆಳೆಯುವ ಶೀಸೆಗಳು ಕಿಟಕಿಯ ಎಡಗಡೆಯ ಕಪಾಟಿನಲ್ಲೇ ಇದ್ದವು. ಎಡಗಡೆಯ ಎರಡನೇ ಅರೆ. ಅಲ್ಲೇ ಇದ್ದವು.

ನೀವೇ ಎಲ್ಲೋ ಬಾಗಿಲು ಗಟ್ಟಿಯಾಗಿ ಹಾಕಿರಬೇಕು. ಮಹೇಂದ್ರ ಅವರು ತಿಳಿದವರು, ಅವರು ಹೇಳಿದ್ದು ಸರಿಯಿರಬಹುದು.

ಇಲ್ಲಿ ಸುದ್ದಿ ಅಷ್ಟು ಚೆನ್ನಾಗಿಲ್ಲ. ರಾಸಾಯನಿಕಗಳ ದಾಸ್ತಾನು ನೋಡಲು ಒಂದು ತಂಡ ಬಂದು ಕೂತಿದೆ. ಪಕ್ಕದ ವಿಭಾಗದ ಲಿಂಗರಾಜು ನಿಮಗೆ ಗೊತ್ತಲ್ಲ, ನಗುನಗುತ್ತ ಇರುತ್ತಿದ್ದ ಮನುಷ್ಯ. ಒಂದು ಬಾಟಲಿಯನ್ನು ಯಾವುದೋ ಕೆಲಸಕ್ಕೆ ಮನೆಗೆ ಒಯ್ದಿದ್ದನಂತೆ. ಸಸ್ಪೆಂಡ್ ಮಾಡಿದರು. ನನ್ನ ಹಾಗೆ ಅವನಿಗೂ ನಿವೃತ್ತಿಗೆ ಮೂರೇ ತಿಂಗಳಿತ್ತು. ಗೇಟಿನಲ್ಲಿ ಅವನ ಚೀಲ ಬಿಚ್ಚಿಸಿ ನೋಡಿದರು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದರು. ನಾನು ನೋಡುತ್ತ ನಿಂತಿದ್ದೆ.

ನಾಲ್ಕನೇ ಸ್ಯಾಂಪಲ್ ಇದರ ಜೊತೆಗಿದೆ. ಇದನ್ನು ಅಳೆದು ನೋಡಿ.

ಇಂತಿ,
ಮರಿಸ್ವಾಮಿ


ಅತಿಥಿಗೃಹ
5 ಏಪ್ರಿಲ್ 2025

ಪ್ರೀತಿಯ ಮರಿಸ್ವಾಮಣ್ಣ,

ನೀವು ಬರೆದ ಮೇಲೆ ನನಗೆ ಜೀವ ಬಂತು. ನಾಲ್ಕನೆಯದನ್ನು ಅಳೆದೆ. ಗೂನು ಇಲ್ಲವೇ ಇಲ್ಲ, ಗೆರೆ ನುಣ್ಣಗೆ ಇಳಿಯಿತು. ಮೂರನೆಯದರಷ್ಟು ತಣಿಯಲಿಲ್ಲ ಎಂಬುದು ನಿಜ, ಈ ಹರಳುಗಳಿಗೆ ಆ ಹೊಳಪೂ ಇರಲಿಲ್ಲ. ಆದರೆ ಗೂನು ಇಲ್ಲವಲ್ಲ, ಅಷ್ಟು ಸಾಕು. ಎರಡೂ ಒಂದೇ ಥರ ಮಾಡಿದ ಹರಳುಗಳು ಎಂದು ನೀವೇ ಹೇಳಿದ್ದೀರಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲವೆಂದರೆ ಅದು ಹರಳಿನದಲ್ಲ, ಸೋರಿದ ಬಿಸಿಯದು.

ನಿಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಮೂರನೆಯದರ ಗ್ರಾಫಿನಿಂದ ಆ ಗೂನನ್ನು ತೆಗೆದುಹಾಕಿದೆ. ಒಟ್ಟು ನಲವತ್ತೊಂದು ಅಂಕಿಗಳು. ಈಗ ಗೆರೆ ಬೆಣ್ಣೆಯ ಹಾಗಿದೆ. ಸರ್‌ಗೆ ಕಳಿಸಿದ್ದೇನೆ. ತಕ್ಷಣವೇ ಲೇಖನ ಬರೆದು ಒಂದು ದೊಡ್ಡ ಪತ್ರಿಕೆಗೆ ಕಳಿಸಿಯೂಬಿಟ್ಟರು. ರಾತ್ರಿಯೇ ಫೋನ್ ಮಾಡಿದರು. "ವರ್ಷಿಣಿ, ಇಪ್ಪತ್ತು ವರ್ಷದಲ್ಲಿ ಈ ಲ್ಯಾಬಿನಿಂದ ಇಂಥದ್ದು ಬಂದಿರಲಿಲ್ಲಮ್ಮ," ಎಂದರು.

ನೀವು ಮಾಡಿದ ಸಹಾಯ ಮರೆಯುವುದಿಲ್ಲ.

ವರ್ಷಿಣಿ


ಮೈಸೂರು
13 ಏಪ್ರಿಲ್ 2025

ವರ್ಷಿಣಮ್ಮನವರಿಗೆ,

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ.

ಚಾಮುಂಡೇಶ್ವರಿಗೆ ಕಾಲುನೋವು. ಬಿಸಿಲು ವಿಪರೀತ. ಸರ್ ದಿನವೂ ಆ ಗ್ರಾಫನ್ನು ಯಾರಿಗಾದರೂ ತೋರಿಸುತ್ತಿರುತ್ತಾರೆ.

ನಮ್ಮೂರು ಮಂಡಕಳ್ಳಿಯಲ್ಲಿ ಅಜ್ಜಿ ಒಂದು ಕಥೆ ಹೇಳುತ್ತಿದ್ದಳು. ಒಬ್ಬ ಕುಂಬಾರ ರಾಜನಿಗೆ ಮಡಕೆ ಮಾಡಿಕೊಟ್ಟ. ಒಂದು ಮಡಕೆ ಮಾತ್ರ ತಟ್ಟಿದರೆ ಬೇರೆಯೇ ನಾದ ಕೊಡುತ್ತಿತ್ತು. ರಾಜ ಕೇಳಿದ, ಇದರ ಮಣ್ಣಿಗೆ ಏನು ಬೆರೆಸಿದೆಯೋ? ಏನೂ ಇಲ್ಲ ಸ್ವಾಮಿ, ಎಂದ ಕುಂಬಾರ. ಹಾಗಾದರೆ ಇದು ಕೆಟ್ಟ ಮಡಕೆ, ಎಂದು ರಾಜ ಅದನ್ನು ಒಡೆಯಲು ಕೈಯೆತ್ತಿದ. ಆಮೇಲೆ ಒಡೆದನೋ ಇಲ್ಲವೋ, ನೆನಪಿಗೆ ಬರುತ್ತಿಲ್ಲ.

ಆ ನಲವತ್ತೊಂದು ಅಂಕಿಗಳನ್ನು ನೀವು ಪೂರ್ತಿ ಎಸೆದಿಲ್ಲ ತಾನೆ? ಎಲ್ಲಾದರೂ ಇಟ್ಟಿದ್ದೀರಾ? ಇದನ್ನೊಂದು ತಿಳಿಸಿ.

ಮರಿಸ್ವಾಮಿ


ಅತಿಥಿಗೃಹ
22 ಏಪ್ರಿಲ್ 2025

ಮಾನ್ಯ ಶ್ರೀ ಮರಿಸ್ವಾಮಿ ಅವರಿಗೆ,

ನಿಮ್ಮ ಕಾಗದ ಬಂದ ಮರುದಿನವೇ ಸರ್ ಫೋನ್ ಮಾಡಿದರು. ಪತ್ರಿಕೆಯ ಪರೀಕ್ಷಕರು ಯಂತ್ರದಿಂದ ಬಂದ ಮೂಲ ಅಂಕಿಗಳನ್ನು ಕೇಳಿದ್ದಾರಂತೆ. ತಿದ್ದದೆ, ತೆಗೆಯದೆ, ಇದ್ದದ್ದನ್ನು ಇದ್ದ ಹಾಗೆ ಮೇ ಹತ್ತರೊಳಗೆ ಕಳಿಸಬೇಕು.

ನೀವು ಸರ್‌ಗೆ ಹೇಳಿದಿರಾ?

ಅಂಕಿಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದು ನೀವು ಕೇಳಿದ್ದು, ಆ ರಾಜನ ಕಥೆ, ಯಾವುದೂ ನನಗೆ ಅರ್ಥವಾಗದೆ ಇಲ್ಲ. ನೀವು ಆ ಲ್ಯಾಬಿಗೆ ನಿಯತ್ತಿನಿಂದ ದುಡಿದವರು, ಹೇಳಬೇಕೆನ್ನಿಸಿದ್ದರೆ ತಪ್ಪೆನ್ನಲಾರೆ. ಆದರೆ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಅಂಕಿಗಳಿರುವ ಕಡತವನ್ನು ಪರದೆಯ ಮೇಲೆ ತೆರೆದು ಕೂತುಕೊಳ್ಳುತ್ತೇನೆ. ನಲವತ್ತೊಂದು ಸಾಲುಗಳಲ್ಲಿ ನಲವತ್ತೊಂದು ಹೊಸ ಅಂಕಿ ಬರೆದರೆ ಮೂಲವೂ ನುಣ್ಣಗಾಗುತ್ತದೆ. ಒಂದು ಗಂಟೆಯ ಕೆಲಸ. ಮೂರು ಸಾಲುಗಳನ್ನು ನಿನ್ನೆ ಬದಲಾಯಿಸಿದೆ. ಆಮೇಲೆ ಎದ್ದು ಹೋಗಿ ಮುಖ ತೊಳೆದೆ. ಮತ್ತೆ ಬಂದು ಮೂರನ್ನೂ ಮೊದಲಿದ್ದ ಹಾಗೇ ಮಾಡಿದೆ.

ಬದಲಾಯಿಸಿದರೆ ಕಳ್ಳಿ. ಬದಲಾಯಿಸದಿದ್ದರೆ, ಮೊದಲು ಯಾಕೆ ತೆಗೆದೆ ಎನ್ನುತ್ತಾರೆ, ಆಗಲೂ ಕಳ್ಳಿ. ಇನ್ನು ಹದಿನೆಂಟು ದಿನ.

ವರ್ಷಿಣಿ


ಮೈಸೂರು
28 ಏಪ್ರಿಲ್ 2025

ತಾಯೀ, ವರ್ಷಿಣಮ್ಮ,

ಅಂಕಿಗಳನ್ನು ಮುಟ್ಟಬೇಡಿ. ಇದೊಂದನ್ನು ಮೊದಲು ಓದಿ, ಉಳಿದದ್ದನ್ನು ಆಮೇಲೆ ಓದಿ. ಮುಟ್ಟಬೇಡಿ.

ನಾನು ಯಾರಿಗೂ ಏನೂ ಹೇಳಿಲ್ಲ. ಹೇಳದೆ ಇದ್ದದ್ದೇ ನನ್ನ ತಪ್ಪು. ಆ ಕುಂಬಾರನ ಕಥೆ ಅಜ್ಜಿಯದಲ್ಲ, ನಾನೇ ಕಟ್ಟಿದ್ದು. ರಾಜ ನೀವಲ್ಲ, ಸರ್ ಕೂಡ ಅಲ್ಲ. ಕುಂಬಾರ ಮಾತ್ರ ನಾನೇ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಕಥೆಯ ಸೆರಗಿನ ಹಿಂದೆ ನಿಂತು ಇಣುಕಿದೆ.

ಮೂರನೇ ಸ್ಯಾಂಪಲ್ ಲ್ಯಾಬಿನಲ್ಲಿ ಬೆಳೆದದ್ದಲ್ಲ. ನಮ್ಮ ಮನೆಯಲ್ಲಿ ಬೆಳೆದದ್ದು.

ಫೆಬ್ರವರಿಯಲ್ಲಿ ಲಿಫ್ಟಿಗೆ ಕೊರೆಯಲು ಶುರುಮಾಡಿದರಲ್ಲ, ಕಪಾಟು ಗಡಗಡ ಅನ್ನುತ್ತಿತ್ತು. ಶೀಸೆಯಲ್ಲಿ ಹರಳು ಕಟ್ಟುವುದರ ಬದಲು ಪುಡಿ ಉದುರುತ್ತಿತ್ತು. ನಿಮಗೆ ಯಂತ್ರ ಸಿಕ್ಕಿರುವುದು ಮೇವರೆಗೆ ಮಾತ್ರ ಎಂದು ನನಗೆ ಗೊತ್ತಿತ್ತು. ಒಂದು ದಿನ ಮಧ್ಯಾಹ್ನ ಹಳೇ ಬಿಸ್ಕತ್ತಿನ ಡಬ್ಬದಲ್ಲಿ ಭತ್ತದ ಹೊಟ್ಟು ತುಂಬಿ, ಅದರೊಳಗೆ ನಾಲ್ಕು ಶೀಸೆಗಳನ್ನು ಹೂತು, ದಟ್ಟಗಳ್ಳಿ ಬಸ್ಸು ಹತ್ತಿದೆ. ತೊಡೆಯ ಮೇಲೆ ಡಬ್ಬ, ಎರಡೂ ಕೈ ಡಬ್ಬದ ಮೇಲೆ. ಹಂಪು ಬಂದಾಗಲೆಲ್ಲ ಸೀಟಿನಿಂದ ಮೇಲೇಳುತ್ತಿದ್ದೆ, ಕುಲುಕು ನನ್ನ ಮೊಣಕಾಲಿಗೇ ಇರಲಿ ಅಂತ.

ಕಂಡಕ್ಟರ್ ಕೇಳಿದ, "ಏನ್ ಯಜಮಾನ್ರೇ, ಮೊಟ್ಟೆನಾ?"

"ಹೂಂ ಕಣಪ್ಪ, ಮೊಟ್ಟೆ."

"ನಾಟಿನೋ ಫಾರಂದೋ?"

"ನಾಟಿ."

"ಅದ್ಕೇ ಕಾವ್ ಕೊಡ್ತಾ ಕುಂತಿದ್ದೀರಾ," ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಡಬ್ಬದ ಮೇಲಿನ ಕೈ ಮಾತ್ರ ತೆಗೆಯಲಿಲ್ಲ.

ಮನೆಯ ಹಿಂದಿನ ಕೋಣೆಯಲ್ಲಿ, ಬಿಸಿಲು ಬೀಳದ ಮೂಲೆಯಲ್ಲಿ ಡಬ್ಬ ಇಟ್ಟೆ. ಚಾಮುಂಡೇಶ್ವರಿಗೆ ಆ ಕೋಣೆಯ ಬಾಗಿಲನ್ನೂ ಗಟ್ಟಿಯಾಗಿ ಎಳೆಯಬಾರದೆಂದು ಹೇಳಿದೆ. "ನನ್ ಬಾಣಂತನ್ದಾಗೂ ನೀವ್ ಇಷ್ಟ್ ಮೆಲ್ಲಗ್ ನಡೀನಿಲ್ಲ," ಅಂದಳು. ಇಪ್ಪತ್ತೊಂದು ದಿನಕ್ಕೆ ಹರಳು ಎದ್ದು ನಿಂತವು. ಮೂವತ್ತೊಂದು ವರ್ಷದಲ್ಲಿ ಅಂಥವನ್ನು ನಾನು ಬೆಳೆಸಿರಲಿಲ್ಲ.

ಈಗ ಮುಖ್ಯವಾದ ಮಾತು. ಸೋಸಿದ ಮೇಲೆ ಹನ್ನೆರಡು ಗಂಟೆ ಪಂಪಿಗೆ ಹಾಕಿ ಒಣಗಿಸಬೇಕೆಂಬುದು ಸರ್ ಮಾಡಿದ ನಿಯಮ. ಮನೆಗೆ ಪಂಪು ಎಲ್ಲಿಂದ ತರಲಿ? ಕಾಗದದ ಮೇಲೆ ಹಾಕಿ ಒತ್ತಿ, ಪಸೆ ಆರಿಸಿ, ಹಾಗೇ ಕಳಿಸಿದೆ. ಚೀಟಿಯಲ್ಲಿ ಮಾತ್ರ ಹನ್ನೆರಡು ಗಂಟೆ ಎಂದು ಬರೆದೆ. ನಾಲ್ಕನೇ ಸ್ಯಾಂಪಲ್ ಲ್ಯಾಬಿನದು, ಪುಡಿಯ ನಡುವೆ ಉಳಿದಿದ್ದ ಹರಳುಗಳನ್ನು ಆರಿಸಿ, ಭಾನುವಾರ ಕೊರೆಯುವವರಿಲ್ಲದಾಗ ಸೋಸಿ ನಿಯಮದಂತೆ ಪಂಪಿಗೆ ಹಾಕಿದ್ದು. ಪಂಪಿನಿಂದ ತೆಗೆದಾಗ ಅದರ ಹೊಳಪು ಹೋಗಿ, ಒಣಮೀನಿನ ಕಣ್ಣಿನ ಹಾಗೆ ಮಬ್ಬಾಗಿತ್ತು. ನೋಡಿದೆ. ನೋಡಿಯೂ ಸುಮ್ಮನಿದ್ದೆ. ನಿಮ್ಮ ಪ್ರಶ್ನೆ ಕೈಸೇರಿದ ದಿನವೇ ಲಿಂಗರಾಜುವಿನ ಊಟದ ಡಬ್ಬಿ ಬಿಚ್ಚಿಸಿದ್ದರು. ನನ್ನ ಕೈ ತಾನಾಗಿಯೇ "ಏನೂ ಬೇರೆ ಇಲ್ಲ" ಎಂದು ಬರೆಯಿತು.

ನೀವು ನನ್ನ ಮಾತು ನಂಬಿ ಅಳಿಸಿದಿರಿ. ಆ ಗೂನು ಸೋರಿದ ಬಿಸಿಯೋ, ಹರಳಿನ ಗುಣವೋ ನನಗೆ ತಿಳಿಯದು, ನಾನು ಓದಿದವನಲ್ಲ. ಆದರೆ ಅವೆರಡೂ ಒಂದೇ ಥರದ ಹರಳುಗಳಲ್ಲ.

ಮನೆಗೆ ಒಯ್ದ ನಾಲ್ಕು ಶೀಸೆಗಳಲ್ಲಿ ಕೊನೆಯದರ ಹರಳು ಆಗ ಸಣ್ಣದಿತ್ತೆಂದು ಮನೆಯಲ್ಲೇ ಬಿಟ್ಟಿದ್ದೆ. ಆಮೇಲೆ ಹೆದರಿಕೆಯಿಂದ ಲ್ಯಾಬಿಗೆ ಹಿಂದಕ್ಕೆ ಒಯ್ಯಲೂ ಆಗಲಿಲ್ಲ, ಚೆಲ್ಲಲೂ ಮನಸ್ಸಾಗಲಿಲ್ಲ. ಅದನ್ನೇ ಇದರ ಜೊತೆ ಕಳಿಸಿದ್ದೇನೆ. ಚೀಟಿ ಓದಿ. "ಬೆಳೆದ ಸ್ಥಳ: ಮರಿಸ್ವಾಮಿಯ ಮನೆ. ಒಣಗಿಸಿದ್ದು: ಇಲ್ಲ." ಇದನ್ನು ಅಳೆಯಿರಿ. ಗೂನು ಬರದಿದ್ದರೂ, ಬಂದರೂ, ನಾನು ಸರ್ ಹತ್ತಿರ ಹೋಗುತ್ತೇನೆ. ನಿಮ್ಮ ಉತ್ತರ ಬರುವವರೆಗೆ ಮಾತ್ರ ತಡೆದುಕೊಂಡಿರುತ್ತೇನೆ.

ಮರಿಸ್ವಾಮಿ


ಅತಿಥಿಗೃಹ
8 ಮೇ 2025

ಮರಿಸ್ವಾಮಣ್ಣ,

ಗೂನು ಬಂತು.

ಮಂಗಳವಾರ ಅಳೆದೆ. ಮಹೇಂದ್ರ ಅವರು ಯಂತ್ರವಿರುವ ಕೋಣೆಯ ಎರಡೂ ಬಾಗಿಲಿಗೆ ಬೀಗ ಹಾಕಿ, "ಇವತ್ತು ಒಳಕ್ಕೆ ಯಾರೂ ಬರಂಗಿಲ್ಲ, ಡೈರೆಕ್ಟ್ರು ಬಂದ್ರೂ ಅಷ್ಟೇಯ," ಎಂದು ಸ್ಟೂಲು ಹಾಕಿಕೊಂಡು ಕೂತರು. ನಾವಿಬ್ಬರೂ ಕಾಲು ಸಹ ಅಲ್ಲಾಡಿಸಲಿಲ್ಲ. ಉಷ್ಣಾಂಶ ಇಳಿಯಿತು. ನಿಂತಿತು. ಅದೇ ಜಾಗದಲ್ಲಿ ಏರಿತು. ಮತ್ತೆ ಇಳಿಯಿತು. ಮರುದಿನ ಇನ್ನೂ ಒಂದು ಸಲ ಮಾಡಿದೆವು, ಕೂದಲೆಳೆಯ ವ್ಯತ್ಯಾಸವೂ ಇಲ್ಲ. "ಬಾಗ್ಲು ಬಡ್ದವ್ರು ಯಾರೂ ಇಲ್ಲ ಬುಡಿ ಮೇಡಂ, ನಾನೇ ತಪ್ ಹೇಳ್ಬುಟ್ಟೆ," ಎಂದು ಮಹೇಂದ್ರ ತಲೆ ಕೆರೆದುಕೊಂಡರು.

ಹರಳಿನೊಳಗೆ ನೀರೂ ಮೆಥನಾಲೂ ಸೇರಿಕೊಂಡಿರುತ್ತವೆ. ಆ ತ್ರಿಕೋನಗಳನ್ನು ಮೂರು ಬದಿಯೂ ಸಮವಾಗಿರುವಂತೆ ಹಿಡಿದಿಟ್ಟಿರುವುದು ಅವೇ. ಪಂಪಿಗೆ ಹಾಕಿದರೆ ಅವು ಹೊರಟುಹೋಗಿ ಒಂದು ಬದಿ ಗಿಡ್ಡವಾಗುತ್ತದೆ. ವಾರಗಿತ್ತಿಯರಲ್ಲಿ ಇಬ್ಬರು ಹತ್ತಿರವಾದ ಹಾಗೆ. ಆಗ ಜಗಳ ಬೇಗ ತೀರ್ಮಾನವಾಗಿಬಿಡುತ್ತದೆ, ತಣಿಸುವ ಶಕ್ತಿಯೂ ಹೋಗುತ್ತದೆ. ನಿಮ್ಮ ಮನೆಯ ಹರಳಿನಲ್ಲಿ ಜಗಳ ಪೂರಾ ಉಳಿದಿದೆ. ಅತ್ತೆ ಅರ್ಧ ಬಾಗಿಲು ದಾಟಿದಾಗ ಏಳೂ ಜನ ಒಮ್ಮೆಗೇ ಕೂತ ಜಾಗ ಬದಲಾಯಿಸುತ್ತಾರೆ, ಆಗ ನುಂಗಿದ ಬಿಸಿಯಲ್ಲಿ ಸ್ವಲ್ಪವನ್ನು ಉಗುಳುತ್ತಾರೆ. ಆ ಗೂನು ಅದೇ. ತೀರ್ಮಾನವಾಗದ ಜಗಳದ ಗುರುತು. ನಾವು ಆರು ವರ್ಷದಿಂದ ಹುಡುಕುತ್ತಿದ್ದದ್ದು, ಅಣ್ಣ. ನಾನು ಕೈಯಾರೆ ತೆಗೆದು ಹಾಕಿದ್ದು.

ಇದರಿಂದ ಹೆದರಿಕೆ ಕಡಿಮೆಯಾಗಬೇಕಿತ್ತು, ಹೆಚ್ಚಾಗಿದೆ. ಗೂನು ಸೋರಿದ ಬಿಸಿಯೇ ಆಗಿದ್ದರೆ, ಕಸ ಎಂದು ಗುಡಿಸಿದ್ದೆ ಎನ್ನಬಹುದಿತ್ತು. ಈಗ ಅದನ್ನೂ ಹೇಳುವಂತಿಲ್ಲ.

ನಿನ್ನೆ ಮಧ್ಯಾಹ್ನ ಸರ್‌ಗೆ ಎಲ್ಲವನ್ನೂ ಕಳಿಸಿದೆ. ಮೂಲ ಅಂಕಿಗಳು, ಐದನೇ ಸ್ಯಾಂಪಲ್ಲಿನ ಗ್ರಾಫ್, ನಾನು ಯಾವ ಯಾವ ಸಾಲು ತೆಗೆದಿದ್ದೆ ಎಂಬ ಪಟ್ಟಿ. ಚೀಟಿಯಲ್ಲಿ ನಿಮ್ಮ ಮನೆಯ ಹೆಸರಿದೆ, ಅದನ್ನು ಮುಚ್ಚಿಡುವಂತಿರಲಿಲ್ಲ. ಕ್ಷಮಿಸಿ. ಸರ್ ಉತ್ತರ ಕೊಟ್ಟಿಲ್ಲ. ಫೋನೂ ಎತ್ತುತ್ತಿಲ್ಲ.

ವರ್ಷಿಣಿ


ಮೈಸೂರು
15 ಮೇ 2025

ವರ್ಷಿಣಮ್ಮನವರಿಗೆ ಮರಿಸ್ವಾಮಿಯ ನಮಸ್ಕಾರಗಳು.

ಮೊನ್ನೆ ನಿಮ್ಮ ಕಾಗದ ಕೈಗೆ ಬಂದ ಕೂಡಲೇ ಸರ್ ಕೋಣೆಗೆ ಹೋದೆ. ಒಳಗೆ ಹೋಗಿ ನಿಂತು, ಡಬ್ಬದಿಂದ ಹಿಡಿದು ಬಸ್ಸಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಅಡ್ಡಬಾಯಿ ಹಾಕಲಿಲ್ಲ. ಮೇಜಿನ ಮೇಲೆ ನಿಮ್ಮ ಎರಡೂ ಗ್ರಾಫ್‌ಗಳಿದ್ದವು, ಗೂನಿದ್ದದ್ದು ಮತ್ತು ಇಲ್ಲದ್ದು.

"ಕೂತ್ಕೊಳ್ಳಿ ಮರಿಸ್ವಾಮಿ," ಅಂದರು. ಮೂವತ್ತೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ನಾನು ಕೂತಿರಲಿಲ್ಲ. ತುದಿಯಲ್ಲಿ ಕೂತೆ.

"ಇಷ್ಟು ನುಣುಪಾದ ಗೆರೆ ಯಾವ ಹರಳೂ ಕೊಡಲ್ಲ. ಅದು ಬಂದ ದಿನವೇ ನನಗೆ ಅನ್ನಿಸ್ತು," ಅಂದರು. ನನಗೆ ಕೇಳಲೆಂದು ಮಾತನ್ನು ಬಿಡಿಸಿ ಬಿಡಿಸಿ ಆಡುತ್ತಿದ್ದರು. "ಕೇಳ್ಬೇಕಿತ್ತು. ಕೇಳ್ಲಿಲ್ಲ. ಕೇಳಿದ್ರೆ ಆ ಹುಡುಗಿ ಉತ್ತರ ಕೊಟ್ಬಿಡ್ತಾಳಲ್ಲ ಅಂತ ಭಯ ಆಯ್ತು ಕಣ್ರೀ."

ಆಮೇಲೆ ಎರಡೂ ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು ಫೈಲಿಗೆ ಸೇರಿಸಿದರು.

ಅವರು ಮಾಡಿದ್ದನ್ನು ಇದ್ದ ಹಾಗೆ ತಿಳಿಸುತ್ತೇನೆ. ಲೇಖನವನ್ನು ಪತ್ರಿಕೆಯಿಂದ ಹಿಂದಕ್ಕೆ ಪಡೆದರು. ವಿಶ್ವವಿದ್ಯಾಲಯದವರಿಗೂ ತಿಳಿಸಿದರು. ಅವರು ವಿಚಾರಣೆಗೆ ಮೂವರ ಸಮಿತಿ ಮಾಡಿದ್ದಾರೆ, ಚನ್ನಬಸವಯ್ಯನವರು ಅದಕ್ಕೆ ಅಧ್ಯಕ್ಷರು. ಬಹಳ ಕಟ್ಟುನಿಟ್ಟಿನ ಮನುಷ್ಯ. ಜೂನ್ ಎರಡರಂದು ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮನ್ನೂ ನನ್ನನ್ನೂ ಕರೆದಿದ್ದಾರೆ. ಸರ್ ಕೂಡ ಲಿಖಿತವಾಗಿ ಉತ್ತರ ಕೊಡಬೇಕು. ನನಗೆ ಮೆಮೊ ಬಂದಿದೆ. ಗೇಟಿನಲ್ಲಿ ನನ್ನ ಚೀಲವನ್ನೂ ಬಿಚ್ಚಿಸಿದರು. ಆಗಲಿ ಬಿಡಿ. ನಿಮ್ಮ ಪದವಿ ಉಳಿಯುತ್ತದೋ ಹೋಗುತ್ತದೋ ಎಂಬುದನ್ನು ಆ ದಿನವೇ ನಿರ್ಧರಿಸುತ್ತಾರಂತೆ.

ನಾನೊಂದು ತೀರ್ಮಾನಕ್ಕೆ ಬಂದಿದ್ದೇನೆ. ಸಮಿತಿಯ ಮುಂದೆ ಹೇಳುತ್ತೇನೆ: ಹರಳಿನಲ್ಲಿ ವ್ಯತ್ಯಾಸವೇನೂ ಇಲ್ಲವೆಂದು ನಾನು ಸುಳ್ಳು ಬರೆದೆ, ಆ ಸುಳ್ಳನ್ನು ನಂಬಿದ್ದರಿಂದಲೇ ಅವರು ಅಂಕಿಗಳನ್ನು ತೆಗೆದರು, ಇದರಲ್ಲಿ ಹುಡುಗಿಯ ತಪ್ಪಿಲ್ಲ. ನಿಮ್ಮ ಏಪ್ರಿಲ್ ಐದರ ಕಾಗದ ನನ್ನ ಹತ್ತಿರವಿದೆ, ಅದರಲ್ಲಿ ನೀವೇ ಬರೆದಿದ್ದೀರಿ. ಅದನ್ನು ತೋರಿಸಿದರೆ ಚನ್ನಬಸವಯ್ಯನವರೂ ಒಪ್ಪಬೇಕು. ನನ್ನದು ಹೇಗೂ ಮುಗಿಯುತ್ತ ಬಂದ ಸರ್ವೀಸು. ಚಾಮುಂಡೇಶ್ವರಿಯನ್ನೂ ಕೇಳಿದೆ. "ಮಾಡಿದ್ ತಪ್ಪ ಒಪ್ಕೊಳಾಕೆ ಎಂಡ್ರುನ್ ಯಾಕ್ ಕೇಳ್ತೀರಾ," ಅಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಧೈರ್ಯವಾಗಿ ಬನ್ನಿ.

ಮರಿಸ್ವಾಮಿ


ಅತಿಥಿಗೃಹ
22 ಮೇ 2025

ಮರಿಸ್ವಾಮಣ್ಣ,

ದಯವಿಟ್ಟು ಹಾಗೆ ಹೇಳಬೇಡಿ.

ಇದನ್ನು ಬರೆಯಲು ಎರಡು ದಿನದಿಂದ ಕೂತಿದ್ದೇನೆ. ಮೂರು ಹಾಳೆ ಹರಿದೆ. ನಿಮ್ಮ ಕಾಗದ ಓದಿದ ಕೂಡಲೇ ನನಗೆ ಏನನ್ನಿಸಿತು ಗೊತ್ತೇ? ನೆಮ್ಮದಿ. ಬದುಕಿದೆ ಅನ್ನಿಸಿತು. ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಅಣ್ಣ ಹೇಳುವುದನ್ನು ಹೇಳಲಿ, ನಾನು ತಲೆ ತಗ್ಗಿಸಿ ನಿಂತರಾಯಿತು ಎಂದುಕೊಂಡೆ. ಊಟ ಮುಗಿಸಿ ತಟ್ಟೆ ತೊಳೆಯುವಾಗ ನನ್ನನ್ನು ಕಂಡು ನನಗೇ ಭಯವಾಯಿತು.

ನಿಮ್ಮ ಮಾತಿನ ಮೇಲೆ ನಂಬಿಕೆಯಿಟ್ಟು ಅಳಿಸಿದೆ ಎಂದು ಏಪ್ರಿಲ್ ಐದರಂದು ಬರೆದೆನಲ್ಲ, ಅದು ಸುಳ್ಳು. ಕಡತದ ಮೇಲೆ ದಿನಾಂಕವಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ಆ ನಲವತ್ತೊಂದು ಅಂಕಿಗಳನ್ನು ನಾನು ತೆಗೆದದ್ದು ಮಾರ್ಚ್ ಹದಿನೈದರಂದು. ಏನಾದರೂ ಬೇರೆ ಥರ ಆಗಿತ್ತೇ ಎಂದು ನಿಮ್ಮನ್ನು ಕೇಳಿ ಬರೆದದ್ದು ಹದಿನಾರರಂದು. ನಾಲ್ಕನೇ ಸ್ಯಾಂಪಲ್ ಆಗ ಇನ್ನೂ ಮೈಸೂರನ್ನೇ ಬಿಟ್ಟಿರಲಿಲ್ಲ. ಅಳಿಸಿದ ಮೇಲೆ ಕೇಳಿದೆ, ಅಣ್ಣ. ಬೇರೆ ಏನೋ ಆಗಿತ್ತು ಎಂದು ನೀವು ಉತ್ತರಿಸಿದ್ದರೂ ನಾನು ಏನು ಮಾಡುತ್ತಿದ್ದೆನೋ ಹೇಳಲಾರೆ. ನನಗೆ ಬೇಕಿದ್ದದ್ದು ನಿಜವಲ್ಲ. "ಏನೂ ಇಲ್ಲ" ಎಂಬ ನಿಮ್ಮ ಒಂದು ಮಾತು ಬೇಕಿತ್ತು, ಹೊದ್ದುಕೊಳ್ಳಲು.

ನನಗೆ ಸುಳ್ಳು ಹೇಳಿದೆನಲ್ಲ ಎಂದು ನೀವು ನರಳುತ್ತಿರುವಾಗ ನಾನು ಸುಮ್ಮನಿದ್ದೆ. ನಿಮ್ಮ ಏಪ್ರಿಲ್ ಇಪ್ಪತ್ತೆಂಟರ ಕಾಗದ ಓದಿದಾಗಲೂ ಸುಮ್ಮನಿದ್ದೆ. ಸರ್‌ಗೆ ಕಳಿಸಿದ ಪಟ್ಟಿಯಲ್ಲಿ ಸಾಲುಗಳನ್ನೆಲ್ಲ ಬರೆದೆ, ದಿನಾಂಕ ಬರೆಯಲಿಲ್ಲ.

ನಿಮ್ಮ ತಪ್ಪು ನಿಮ್ಮದು, ಅದನ್ನು ನೀವು ಹೇಳಿಕೊಂಡಿದ್ದೀರಿ. ಇದು ನನ್ನದು. ಇದನ್ನು ನಿಮ್ಮ ತಲೆಯ ಮೇಲೆ ಹೊರಿಸಿ ಡಾಕ್ಟರ್ ಅನ್ನಿಸಿಕೊಂಡು ಅಮ್ಮನ ಅಂಗಡಿಯ ಮುಂದೆ ನಿಲ್ಲಲಾರೆ. ಪದವಿ ಹೋದರೆ ಅಮ್ಮನಿಗೆ ಹೇಗೆ ಹೇಳಬೇಕೆಂದು ಇನ್ನೂ ತಿಳಿದಿಲ್ಲ.

ನಾನು ಮೂವತ್ತರಂದು ರೈಲು ಹತ್ತುತ್ತೇನೆ. ಈ ಕಾಗದ ನನಗಿಂತ ಮೊದಲು ತಲುಪುತ್ತದೆ. ತಲುಪಿದ ದಿನವೇ ಇದನ್ನು ಒಯ್ದು ಚನ್ನಬಸವಯ್ಯನವರ ಕೈಗೆ ಕೊಡಿ. ನಾನು ಬರಲಿ, ನಾನೇ ಕೊಡಲಿ ಎಂದು ಇಟ್ಟುಕೊಳ್ಳಬೇಡಿ. ಎರಡು ದಿನದ ಪ್ರಯಾಣವಿದೆ. ಮೈಸೂರಿನಲ್ಲಿ ಇಳಿಯುವ ಹೊತ್ತಿಗೆ ನನ್ನ ಮನಸ್ಸು ಬದಲಾಗಿರಬಹುದು.

ವರ್ಷಿಣಿ